ಚೀಟಿಯಲ್ಲಿ ಕನ್ನಡ ಇರಲಿ!

(ರೋಣದಲ್ಲಿ ತರುಣರ ಮುಂದೆ ಮುದ್ರಕರೊಬ್ಬರು ಆಡಿದ ಮಾತು)



ನಾನು ಪಿಯುಸಿ ಓದಿದವ. ಇದೇ ಊರಲ್ಲಿ ಪ್ರೆಸ್ ಇಟ್ಟು ಲಗ್ನಪತ್ರಿಕೆ, ಬಿಲ್ ಬುಕ್ಕು ಅಚ್ಚು ಹಾಕುತ್ತೇನೆ. ಸಾಫ್ಟ್‌ವೇರ್ ವಿಷಯ ಇವನಿಗೇನು ಗೊತ್ತು ಎನ್ನಬೇಡಿ. ಬೆಂಗಳೂರು, ಹುಬ್ಬಳ್ಳಿಯ ಕಂಪನಿಗಳಲ್ಲಿ ಆರ್ಕಿಟೆಕ್ಟ್ ಮಾಡುವ ಕೆಲಸ ನಮ್ಮ ಪ್ರೆಸ್ಸಿನಲ್ಲೂ ಇದೆ.

ನಮ್ಮಲ್ಲಿ ಅಕ್ಷರ ಜೋಡಿಸುವವನೊಬ್ಬ, ಮಷಿನ್ ನಡೆಸುವವನೊಬ್ಬ, ಬೈಂಡಿಂಗ್ ಮಾಡುವವನೊಬ್ಬ. ನಡುವೆ ಓಡಾಡುವುದು ಒಂದು ಚೀಟಿ: ಎಷ್ಟು ಪ್ರತಿ, ಯಾವ ಕಾಗದ, ಯಾವ ಅಳತೆ. ಬೈಂಡರ್ ಸೂಜಿ ಬದಲಿಸಿದರೆ ಮಷಿನ್‌ನವನಿಗೆ ಹೇಳಬೇಕಿಲ್ಲ. ಚೀಟಿ ಕೆಟ್ಟರೆ ಮಾತ್ರ ಎಲ್ಲರ ಕೆಲಸವೂ ಕೆಟ್ಟಿತು. ಒಬ್ಬೊಬ್ಬರಿಗೆ ಒಂದೊಂದು ಕೆಲಸ, ನಡುವೆ ಎಲ್ಲರೂ ಒಪ್ಪಿದ ಚೀಟಿ. 'ಸರ್ವಿಸ್ ಓರಿಯೆಂಟೆಡ್ ಡಿಸೈನ್' ಎಂಬ ದೊಡ್ಡ ಹೆಸರಿನ ತಿರುಳು ಇಷ್ಟೇ. ಕೆಲಸ ಹಂಚುವುದು, ಚೀಟಿಯಲ್ಲಿ ಏನಿರಬೇಕೆಂದು ಗೊತ್ತುಮಾಡುವುದು ಆರ್ಕಿಟೆಕ್ಟನ ಹೊಣೆ.

ನರಗುಂದದ ರೈತ ಹೊಲ ಖರೀದಿ ಮಾಡಿದ ಎನ್ನಿ. ನೋಂದಣಿಗೆ 'ಕಾವೇರಿ' ತಂತ್ರಾಂಶ, ಉತಾರಕ್ಕೆ 'ಭೂಮಿ'. ನೋಂದಣಿ ಆದ ಸುದ್ದಿ ಕಾವೇರಿಯಿಂದ ಭೂಮಿಗೆ ಹೋಗುತ್ತದೆ, ಖಾತೆ ಬದಲಾವಣೆಯ ಕೆಲಸ ಶುರುವಾಗುತ್ತದೆ. 2000ದ ಆಸುಪಾಸಿನಲ್ಲಿ ಭೂಮಿ ಯೋಜನೆ ಸುಮಾರು 67 ಲಕ್ಷ ರೈತರ 2 ಕೋಟಿ ದಾಖಲೆಗಳನ್ನು ಕಂಪ್ಯೂಟರಿಗೆ ಏರಿಸಿತು, ಅದೂ ಕನ್ನಡದಲ್ಲಿ! ತಲಾಠಿಯ ಬೆನ್ನು ಹತ್ತುವುದು ತಪ್ಪಿ, ತಾಲೂಕು ಕಚೇರಿಯಲ್ಲಿ 15 ರೂಪಾಯಿಗೆ ಉತಾರ ಕೈಗೆ ಬಂತು. ಕಂಪ್ಯೂಟರಿನಲ್ಲಿ ಕನ್ನಡ ನಡೆಯದು ಎನ್ನುವವರಿಗೆ ಬೇರೆ ಉತ್ತರ ಬೇಕೆ?

ಆದರೆ ಚೀಟಿಯ ಅಕ್ಷರವೇ ಹೊಂದದಿದ್ದರೆ? ಗಜೇಂದ್ರಗಡದ ಗಿರಾಕಿಯೊಬ್ಬರು ಲಗ್ನಪತ್ರಿಕೆಯ ಒಕ್ಕಣೆಯನ್ನು ಮೊಬೈಲಿನಿಂದ ಯೂನಿಕೋಡ್‌ನಲ್ಲಿ ಕಳಿಸಿದರು. ನನ್ನ ಪೇಜ್‌ಮೇಕರ್‌ಗೆ ಹಳೇ ಫಾಂಟೇ ಆಗಬೇಕು. ಬದಲಿಸುವಾಗ ಮದುಮಗಳ ಹೆಸರಿನ ಒತ್ತಕ್ಷರ ಹಾರಿಹೋಯಿತು. 500 ಕಾರ್ಡು ರದ್ದಿಗೆ! ಪ್ರೂಫ್ ನೋಡದ ತಪ್ಪು ನನ್ನದೇ. ಆ ತಂದೆ ಬೈಯಲಿಲ್ಲ. "ಮಗಳ ಹೆಸರರೆ ನೆಟ್ಟಗ ಬರಬೇಕಿತ್ತಲ್ರಿ" ಅಂದರು. ಆ ಮಾತು ಇನ್ನೂ ಕಿವಿಯಲ್ಲಿದೆ. ಕಾರ್ಡು ಮತ್ತೆ ಅಚ್ಚು ಹಾಕಿದೆ. ಉತಾರದಲ್ಲಿ, ರೇಷನ್ ಕಾರ್ಡಿನಲ್ಲಿ ಹೆಸರು ಒಡೆದರೆ ಯಾರ ಮುಂದೆ ಅಳಬೇಕು?

ಹಳೇ ಫಾಂಟು ಅಕ್ಷರದ ಚೂರುಗಳನ್ನು ಇಡುತ್ತದೆ, ನಮ್ಮ ಮೊಳೆ ಪೆಟ್ಟಿಗೆಯ ಹಾಗೆ. ಒಂದೊಂದು ಫಾಂಟಿಗೆ ಒಂದೊಂದು ಪೆಟ್ಟಿಗೆ. ಯೂನಿಕೋಡ್ ಇಡುವುದು ಅಕ್ಷರವನ್ನೇ: 'ಕ್ಕ' ಎಂದರೆ ಕ, ಹಲಂತ, ಕ. ರೂಪ ಕೊಡುವುದು ಫಾಂಟಿನ ಕೆಲಸ. ಇಲ್ಲೂ ಕೆಲಸ ಹಂಚಿಕೆಯೇ! 1991ರಲ್ಲಿ ಬಂದ ಯೂನಿಕೋಡ್‌ನ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಜಾಗ ಸಿಕ್ಕಿತ್ತು. ಮೊನೊಟೈಪ್‌ನಲ್ಲಿ ದುಡಿದ ಕೆ.ಪಿ. ರಾವ್ ಕನ್ನಡದ ದನಿಗೆ ತಕ್ಕ ಕೀಲಿಮಣೆ ಕೊಟ್ಟಿದ್ದಾರೆ. ಸಲಕರಣೆಗೆ ಕೊರತೆಯಿಲ್ಲ.

ತಮ್ಮಂದಿರೇ, ತಂಗಿಯರೇ, ನಾಳೆ ಆರ್ಕಿಟೆಕ್ಟ್ ಕುರ್ಚಿಯಲ್ಲಿ ಕೂರುವವರು ನೀವು. "ಮೊದಲು ಇಂಗ್ಲಿಷ್‌ನಲ್ಲಿ ಮಾಡೋಣ, ಕನ್ನಡ ಆಮೇಲೆ ಸೇರಿಸೋಣ" ಎಂದರೆ ಒಪ್ಪಬೇಡಿ. ಗೋಡೆ ಎದ್ದ ಮೇಲೆ ಬಾಗಿಲು ಕೊರೆಯುವವನು ಎಂಥ ಮೇಸ್ತ್ರಿ? ಬರೆಯುವಲ್ಲಿ, ಹುಡುಕುವಲ್ಲಿ, ಅಕಾರಾದಿಯಲ್ಲಿ ಜೋಡಿಸುವಲ್ಲಿ, ಚೀಟಿ ಕಳಿಸುವಲ್ಲಿ, ಮೊದಲ ನಕ್ಷೆಯಲ್ಲೇ ಕನ್ನಡ ಇರಲಿ. ನಮ್ಮ ಹೆಣ್ಣುಮಕ್ಕಳ ಹೆಸರು ನೆಟ್ಟಗೆ ಬರಲಿ!

ಸಿರಿಗನ್ನಡಂ ಗೆಲ್ಗೆ!