ಹಳೆಯ ಸರ್ವರಿಗೆ ಹೊಸ ಕಾರ್ಡು

ಬ್ಯಾಡಗಿಯಲ್ಲಿ ಸೋಮವಾರ, ಗುರುವಾರಗಳೆಂದರೆ ಮೆಣಸಿನಕಾಯಿ ಟೆಂಡರಿನ ದಿನಗಳು. ಸುಗ್ಗಿಯಲ್ಲಿ ಒಂದೇ ದಿನ ಲಕ್ಷಕ್ಕೂ ಮಿಕ್ಕಿ ಚೀಲಗಳು ಬಂದಿಳಿಯುವುದುಂಟು. ಟೆಂಡರು ಈಗ ಗಣಕಯಂತ್ರದ ಮೂಲಕವೇ ನಡೆಯುತ್ತದೆ. ಧಾರಣೆ ಪ್ರಕಟವಾಯಿತೆಂದರೆ ದಲಾಲಿ ಅಂಗಡಿಗಳಲ್ಲಿ ತೂಕದ ಚೀಟಿ, ಪಟ್ಟಿ, ಖಾತೆಗಳ ಕೆಲಸವೆಲ್ಲ ಏಕಕಾಲಕ್ಕೆ ಮೊದಲಾಗುತ್ತದೆ. ಐದಾರು ಗುಮಾಸ್ತರು ಒಳಕೋಣೆಯ ಒಂದೇ ಹಳೆಯ ಸರ್ವರಿನಿಂದ ಫೈಲುಗಳನ್ನು ಕೇಳತೊಡಗುತ್ತಾರೆ. ಅದು ತಡಮಾಡಿದರೆ, ಪಟ್ಟಿಗಾಗಿ ಕಾದು ನಿಂತ ರೈತನಿಗೆ ಊರಿನ ಬಸ್ಸು ತಪ್ಪುತ್ತದೆ. ರಾಣೆಬೆನ್ನೂರಿನ ಬೀಜದ ವ್ಯಾಪಾರಿಗಳಿಗೂ ಹಾವೇರಿಯ ಕಚೇರಿಗಳಿಗೂ ಈ ತೊಡಕು ಅಪರಿಚಿತವಲ್ಲ.

ಇಂಥಲ್ಲಿ ದೊರೆಯುವ ಸಲಹೆ ಸಾಮಾನ್ಯವಾಗಿ ಒಂದೇ: ವೇಗದ ನೆಟ್‌ವರ್ಕ್ ಕಾರ್ಡು ಹಾಕಿಸಿ. ಸಲಹೆ ಸುಳ್ಳಲ್ಲ, ಆದರೆ ಅರ್ಧ ನಿಜ. ತಡವಾಗುತ್ತಿರುವ ಹೊತ್ತಿನಲ್ಲಿಯೇ ಸರ್ವರಿನ ಮುಂದೆ ಕುಳಿತು ನೋಡಬೇಕು. ೧೦೦ ಮೆಗಾಬಿಟ್ಟಿನ ಹಳೆಯ ಕಾರ್ಡು ಸೆಕೆಂಡಿಗೆ ಹನ್ನೆರಡೂವರೆ ಮೆಗಾಬೈಟಿಗಿಂತ ಹೆಚ್ಚು ಹೊರಲಾರದು. ಸಾಗಣೆ ಆ ಅಂಕೆಯ ಸಮೀಪ ಬಂದು ನಿಂತಿದ್ದರೆ ದೋಷ ಕಾರ್ಡಿನದು. ಕಾರ್ಡು ಬಿಡುವಾಗಿದ್ದು ಡಿಸ್ಕು ಮಾತ್ರ ಏದುಸಿರು ಬಿಡುತ್ತಿದ್ದರೆ ಹಣವನ್ನು ಡಿಸ್ಕಿಗೇ ಹಾಕುವುದು ಲೇಸು.

ಕಾರ್ಡೇ ಬೇಕೆಂದಾದರೆ, ಅದನ್ನು ಸಿಕ್ಕಿಸುವ ಸಂದು, ಅಂದರೆ ಸ್ಲಾಟು, ಯಾವುದೆಂದು ಮೊದಲು ನೋಡಿಕೊಳ್ಳಿ. ಹಳೆಯ ಪಿ.ಸಿ.ಐ. ಸ್ಲಾಟಿನ ದಾರಿಯಲ್ಲಿ ಸೆಕೆಂಡಿಗೆ ಹೆಚ್ಚೆಂದರೆ ೧೩೩ ಮೆಗಾಬೈಟು ಸಾಗಬಹುದು. ಅದೂ ಎಲ್ಲ ಕಾರ್ಡುಗಳೂ ಹಂಚಿಕೊಳ್ಳಬೇಕಾದ ದಾರಿ. ಡಿಸ್ಕಿನ ನಿಯಂತ್ರಕವೂ ಅಲ್ಲಿಯೇ ಇದ್ದರೆ ಒಂದೇ ಫೈಲು ಎರಡು ಸಲ ಅದೇ ದಾರಿ ತುಳಿಯುತ್ತದೆ: ಡಿಸ್ಕಿನಿಂದ ಸ್ಮರಣೆಗೆ ಒಮ್ಮೆ, ಸ್ಮರಣೆಯಿಂದ ಕಾರ್ಡಿಗೆ ಇನ್ನೊಮ್ಮೆ. ಮಾರುಕಟ್ಟೆಗೆ ಒಂದೇ ಬಾಗಿಲಿದ್ದು, ಬರುವ ಲಾರಿ ಹೋಗುವ ಲಾರಿ ಎದುರುಬದುರಾಗಿ ನಿಂತಂತೆ. ಗಿಗಾಬಿಟ್ ಕಾರ್ಡು ಹೇಳಿಕೊಳ್ಳುವ ೧೨೫ ಮೆಗಾಬೈಟಿನಲ್ಲಿ ಅರ್ಧ ದಕ್ಕಿದರೆ ಪುಣ್ಯ. ಹಾಗಿದ್ದರೂ ೧೦೦ ಮೆಗಾಬಿಟ್ಟಿನ ಕಾರ್ಡಿಗಿಂತ ಅದು ಎಷ್ಟೋ ಮೇಲು. ೨೦೦೪ರಿಂದೀಚೆಗೆ ಬಂದ ಪಿ.ಸಿ.ಐ. ಎಕ್ಸ್‌ಪ್ರೆಸ್ ಸ್ಲಾಟು ನಿಮ್ಮ ಯಂತ್ರದಲ್ಲಿದ್ದರೆ ಚಿಂತೆಯಿಲ್ಲ. ಅದರ ಅತಿ ಚಿಕ್ಕದಕ್ಕೂ ಪ್ರತ್ಯೇಕ ದಾರಿಯುಂಟು. ಒಂದೊಂದು ದಿಕ್ಕಿಗೆ ೨೫೦ ಮೆಗಾಬೈಟು.

ಇನ್ನು ಅಗ್ಗದ ಕಾರ್ಡಿನ ಮಾತು. ಗಿಗಾಬಿಟ್ ವೇಗದಲ್ಲಿ ಸೆಕೆಂಡಿಗೆ ಎಂಬತ್ತು ಸಾವಿರಕ್ಕೂ ಹೆಚ್ಚು ಪೊಟ್ಟಣಗಳು ಬರಬಹುದು. ಅಗ್ಗದ ಕಾರ್ಡು ಮಾತುಮಾತಿಗೆ ಯಜಮಾನನನ್ನು ಕೂಗುವ ಹೊಸ ಆಳಿನಂತೆ ಪ್ರೊಸೆಸರನ್ನು ಕರೆಯುತ್ತಿರುತ್ತದೆ. ಸರ್ವರಿಗೆಂದೇ ಮಾಡಿದ ಕಾರ್ಡು ಹಲವು ಪೊಟ್ಟಣಗಳನ್ನು ಕೂಡಿಹಾಕಿ ಒಮ್ಮೆ ಕರೆಯುತ್ತದೆ. ತಪ್ಪು ಒಪ್ಪುಗಳ ತಾಳೆಯನ್ನೂ ತಾನೇ ನೋಡಿಕೊಳ್ಳುತ್ತದೆ. ಹೊಸ ಯಂತ್ರದಲ್ಲಿ ಈ ಅಂತರ ಅಷ್ಟಾಗಿ ತೋರದು. ಪ್ರೊಸೆಸರು ಮುದಿಯಾದಲ್ಲಿ ಎದ್ದು ಕಾಣುತ್ತದೆ. ನಾನಾದರೆ ಇದಕ್ಕೆ ನಾಲ್ಕು ಕಾಸು ಹೆಚ್ಚು ಕೊಡುತ್ತೇನೆ. ಹತ್ತು ಗಿಗಾಬಿಟ್ಟಿನ ಕಾರ್ಡಿಗೆ ಮಾತ್ರ ಈ ಹಳೆಯ ಯಂತ್ರದಲ್ಲಿ ಕೈಹಾಕುವುದಿಲ್ಲ.

ನಿಮ್ಮ ಸರ್ವರಿನ ಹಳೆಯ ಕಾರ್ಯವ್ಯವಸ್ಥೆಗೆ ಹೊಂದುವ ಡ್ರೈವರು ಉಂಟೇ ಎಂದು ಕೊಳ್ಳುವ ಮೊದಲೇ ಕೇಳಿ. ಗೋಡೆಯ ಮೇಲಿನ ಸ್ವಿಚ್ಚು ೧೦೦ ಮೆಗಾಬಿಟ್ಟಿನದಾದರೆ ಹೊಸ ಕಾರ್ಡೂ ಅಷ್ಟಕ್ಕೇ ನಿಲ್ಲುತ್ತದೆ. ಗಿಗಾಬಿಟ್ಟಿಗೆ ಕೇಬಲ್ಲಿನ ನಾಲ್ಕು ಜೋಡಿ ತಂತಿಗಳೂ ಬೇಕು. ಇಲಿ ಒಂದನ್ನು ಕಡಿದರೂ ಆ ವೇಗ ಸಿಗದು. ಪೆಟ್ಟಿಗೆ ತೆರೆದಾಗ ಒಳಗಿನ ಧೂಳನ್ನೂ ತೆಗೆಸಿ. ಬ್ಯಾಡಗಿಯಲ್ಲಾದರೆ ಮೂಗಿಗೆ ವಸ್ತ್ರ ಕಟ್ಟಿಕೊಂಡೇ ಆ ಕೆಲಸಕ್ಕೆ ಇಳಿಯಬೇಕು.

ಕಾರ್ಡು ಬದಲಿಸುವುದನ್ನು ಶನಿವಾರ ಸಂಜೆಗೆ ಇಟ್ಟುಕೊಳ್ಳಿ. ಸೋಮವಾರದ ಟೆಂಡರು ಮುಗಿಯುವವರೆಗೆ ಹಳೆಯ ಕಾರ್ಡು ಮೇಜಿನ ಖಾನೆಯಲ್ಲಿಯೇ ಇರಲಿ.