ಶಸ್ತ್ರಕ್ರಿಯೆಯ ತರುವಾಯ ಎಚ್ಚರಗೊಳ್ಳುವ ಮಗು

(ಪಾಲಕರ ಸಭೆಯಲ್ಲಿ ಮುಖ್ಯೋಪಾಧ್ಯಾಯರು ಮಾಡಿದ ಭಾಷಣ)



ನನ್ನ ಕಿರಿಯ ಮಗನಿಗೆ ನಾಲ್ಕನೆಯ ವಯಸ್ಸಿನಲ್ಲಿ ಮೆಳ್ಳೆಗಣ್ಣಿನ ಶಸ್ತ್ರಕ್ರಿಯೆಯಾಯಿತು. ಎಚ್ಚರವಾಗುತ್ತಲೇ ಅವನು ಕಿರಿಚಿ, ಕೈಕಾಲು ಬಡಿದು, ಹೆತ್ತ ತಾಯಿಯನ್ನೇ ಗುರುತಿಸದೆ ಕಣ್ಣಿನ ಪಟ್ಟಿಯನ್ನು ಕೀಳಹೊರಟನು. ಬುದ್ಧಿಭ್ರಮಣೆಯಾಯಿತೆಂದೇ ನಾವು ನಡುಗಿದೆವು. ಅರ್ಧ ಗಂಟೆಯೊಳಗೆ ಎಲ್ಲವೂ ಶಾಂತವಾಯಿತು.

ಸೆವೊಫ್ಲುರೇನ್ ಮೊದಲಾದ, ಉಸಿರಿನೊಡನೆ ಕೊಡುವ ಅರಿವಳಿಕೆಯಿಂದ ಬೇಗನೆ ಹೊರಬರುವ ಎಳೆಯರಲ್ಲಿ, ವಿಶೇಷವಾಗಿ 2ರಿಂದ 5 ವರ್ಷದವರಲ್ಲಿ, ಈ ಕಳವಳವು ಕಾಣುವುದುಂಟು. ಕಣ್ಣು ಕಟ್ಟಿದ್ದರೆ ಕತ್ತಲೆಯ ದಿಗಿಲೂ ನೋವೂ ಅದರೊಡನೆ ಕೂಡುತ್ತವೆ. ಆದುದರಿಂದ ವೈದ್ಯರು ನೋವನ್ನು ಮೊದಲೇ ಶಮನಗೊಳಿಸುತ್ತಾರೆ. ಡೆಕ್ಸ್‌ಮೆಡಿಟೊಮಿಡಿನ್ ಅಥವಾ ಪ್ರೊಪೊಫಾಲ್ ಎಂಬ ಔಷಧವನ್ನು ಅಳತೆಯರಿತು ಕೊಡುವುದೂ ಉಂಟು. ಅದು ಅವರ ಕೆಲಸ.

ನಮ್ಮ ಕೆಲಸವು ಮನೆಯಲ್ಲಿಯೇ ತೊಡಗುತ್ತದೆ. ಕೆಲವು ದಿನ ಮುಂಚಿತವಾಗಿ ಕಣ್ಣಿಗೆ ಬಟ್ಟೆ ಕಟ್ಟಿ ಕಣ್ಣಾಮುಚ್ಚಾಲೆಯಾಡಿಸಿರಿ. (ಅಣ್ಣ ಅಕ್ಕಂದಿರಾದ ವಿದ್ಯಾರ್ಥಿಗಳೇ, ಈ ಭಾಗ ನಿಮ್ಮದು!) ಎದ್ದಾಗ ಕತ್ತಲೆ ಇದ್ದೀತು, ಕಣ್ಣು ಉರಿದೀತು ಎಂದು ನಿಜವನ್ನೇ ಹೇಳಿರಿ. ನಾವು ಜಾತ್ರೆಗೆಂದು ಸುಳ್ಳಾಡಿ ಕರೆದೊಯ್ದಿದ್ದೆವು. ಹಿಂದೊಮ್ಮೆ ಹೀಗಾಗಿದ್ದರೆ ವೈದ್ಯರಿಗೆ ಮುಂಚೆಯೇ ತಿಳಿಸಿರಿ. ಎಚ್ಚರವಾಗುವ ಹೊತ್ತಿಗೆ ಪಕ್ಕದಲ್ಲಿರಲು ಅನುಮತಿ ಕೇಳಿರಿ. ನಮ್ಮ ಕಾಸರಗೋಡಿನ ಕಡೆ ದಾದಿಯರ ಮಾತು ಮಲಯಾಳವಾಗಿರಬಹುದು. ಮಗುವಿಗೆ ಮನೆಯ ಮಾತನ್ನು ಕೇಳಿಸುವವರು ನೀವೇ.

ನನ್ನ ಮಗನಿಗೆ ಆ ಅರ್ಧ ಗಂಟೆಯ ನೆನಪೇ ಇಲ್ಲ. ಅವನ ತಾಯಿ ಮಾತ್ರ ಇನ್ನೂ ಮರೆತಿಲ್ಲ.