ತರಗತಿ ನಡೆಸುವ ಕೈಗೆ ಶಿಷ್ಯವೇತನ ಸಿಗಲಿ



ಅಧ್ಯಕ್ಷ ಪೀಠದಲ್ಲಿ ಕೂರಿಸಿದ್ದಕ್ಕೆ ಕೃತಜ್ಞ. ಉಪಚಾರ ಇಷ್ಟು ಸಾಕು, ದುಡ್ಡಿನ ಮಾತಿಗೆ ಬರುತ್ತೇನೆ. ಮೇಷ್ಟ್ರುಗಳ ಸಭೆಯಲ್ಲಿ ದುಡ್ಡಿನ ಮಾತೆತ್ತಿದರೆ ಕೆಲವರಿಗೆ ಮುಜುಗರ. ಹಾರ, ಶಾಲು, ಗುರುವಂದನೆ ಎಂದರೆ ಯಾರಿಗೂ ಇಲ್ಲ.

ಕೊಠಾರಿ ಆಯೋಗ 1966ರಲ್ಲೇ ಹೇಳಿತ್ತು: ಶಿಕ್ಷಕರ ತರಬೇತಿ ಸಂಸ್ಥೆಗಳಲ್ಲಿ ಬೋಧನಾ ಶುಲ್ಕ ತೆಗೆಯಿರಿ, ಶಿಷ್ಯವೇತನ ಮತ್ತು ಸಾಲವನ್ನು ಧಾರಾಳವಾಗಿ ಒದಗಿಸಿ. ಆ ಶಿಫಾರಸಿನ ಮೇಲೆ ನಾವು ಪ್ರಶ್ನೆಪತ್ರಿಕೆ ತೆಗೆದೆವು, ಅಂಕ ಕೊಟ್ಟೆವು, ಜಾರಿ ಮಾತ್ರ ಆಗಲಿಲ್ಲ. ಈ ನಡುವೆ ಓದು ಉದ್ದವಾಯಿತು. ರಾಷ್ಟ್ರೀಯ ಶಿಕ್ಷಕ ಶಿಕ್ಷಣ ಪರಿಷತ್ತಿನ 2014ರ ನಿಯಮಾವಳಿಯಿಂದ ಒಂದು ವರ್ಷದ ಬಿ.ಇಡಿ. ಎರಡು ವರ್ಷವಾಯಿತು. ಆ ನಿರ್ಧಾರ ಸರಿಯೇ. ಪಾಠ ಹೇಳುವುದನ್ನು ಅವಸರದಲ್ಲಿ ಕಲಿಸಲಾಗದು. ಆದರೆ ಹೆಚ್ಚಿದ ವರ್ಷದ ಶುಲ್ಕ, ಊಟ, ಬಾಡಿಗೆ ಎಲ್ಲವೂ ಬಿದ್ದದ್ದು ಹೆತ್ತವರ ತಲೆಯ ಮೇಲೆ.

ನೆರವೇ ಇಲ್ಲ ಎಂದರೆ ಸುಳ್ಳಾಗುತ್ತದೆ. ರಾಜ್ಯದ ವಿದ್ಯಾರ್ಥಿವೇತನ ಪೋರ್ಟಲ್ ಎಸ್‌ಎಸ್‌ಪಿಯಲ್ಲಿ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನವಿದೆ. ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದ ಮಕ್ಕಳಿಗೆ ತಿಂಗಳಿಗೆ ಇಷ್ಟೆಂದು ಹತ್ತು ತಿಂಗಳು ಹಣ ಕೊಡುವ ವಿದ್ಯಾಸಿರಿ ಬಂದಿದೆ. ಇವೆಲ್ಲ ಉಳಿಯಲೇಬೇಕು. ಆದರೆ ಇವು ಜಾತಿ, ಆದಾಯ ನೋಡಿ ಕೊಡುವ ನೆರವು. ಈ ಹುಡುಗಿ ನಾಳೆ ಸರ್ಕಾರಿ ಶಾಲೆಗೆ ಬೇಕಾದವಳು ಎಂದು ಕೊಡುವುದಲ್ಲ. ಜೊತೆಗೆ ಆಧಾರ್ ಜೋಡಣೆ, ಬ್ಯಾಂಕ್ ಖಾತೆಯ ಎನ್‌ಪಿಸಿಐ ಮ್ಯಾಪಿಂಗ್, ಆದಾಯ ಪತ್ರದಲ್ಲೊಂದು ಅಕ್ಷರ ತಪ್ಪು. ಇವೆಲ್ಲ ಸರಿಹೋಗುವಷ್ಟರಲ್ಲಿ ಪರೀಕ್ಷೆಯೇ ಮುಗಿದಿರುತ್ತದೆ.

ಇಂಟರ್ನ್‌ಶಿಪ್ಪಿನ ದಿನವೊಂದನ್ನು ನೋಡಿ. ಶಕ್ತಿ ಯೋಜನೆಯಿಂದ ಹುಡುಗಿಗೆ ಬಸ್ಸು ಉಚಿತ. ಬಸ್ಸು ಇಳಿದ ಮೇಲೆ ಶಾಲೆಯವರೆಗೆ ಆಟೋ ಉಚಿತವಲ್ಲ. ಹುಡುಗನಿಗೆ ಬಸ್ಸೂ ಉಚಿತವಲ್ಲ. ಡ್ರಾಯಿಂಗ್ ಶೀಟು, ಸ್ಕೆಚ್ ಪೆನ್ನು, ಥರ್ಮಾಕೋಲು, ಪಾಠಯೋಜನೆಯ ರೆಕಾರ್ಡು, ಎಲ್ಲ ಕೈಯಿಂದಲೇ. ಶಾಲೆಯಲ್ಲಿ ಇಬ್ಬರೇ ಶಿಕ್ಷಕರಿದ್ದು ಒಬ್ಬರು ತರಬೇತಿಗೆ ಹೋದರೆ, "ಇವತ್ತು ಈ ಕ್ಲಾಸು ನೀನೇ ನೋಡ್ಕೋಮ್ಮ" ಎನ್ನುತ್ತಾರೆ ಮುಖ್ಯೋಪಾಧ್ಯಾಯರು. ಪ್ರಾರ್ಥನೆಯಿಂದ ಬಿಸಿಯೂಟದ ಸಾಲಿನವರೆಗೆ ಆಕೆಯೇ ಮಿಸ್ಸು. ಬಿ.ಇಡಿ.ಯ ಎರಡನೇ ವರ್ಷದಲ್ಲಿ ಹೀಗೆ ಹದಿನಾರು ವಾರ. ಪಾರ್ಟ್‌ಟೈಮ್ ಕೆಲಸ ಮಾಡುತ್ತಿದ್ದವರು ಅದನ್ನು ಬಿಟ್ಟು ಬರಬೇಕು. ವೈದ್ಯಕೀಯ ಕಾಲೇಜಿನ ಹೌಸ್ ಸರ್ಜನ್‌ಗೆ ಇಂಟರ್ನ್‌ಶಿಪ್ ಅವಧಿಗೆ ಶಿಷ್ಯವೇತನವಿದೆ. ಕಡಿಮೆ ಎಂದು ಅವರು ಮುಷ್ಕರ ಹೂಡಿದಾಗ ನಾವೂ ಬೆಂಬಲಿಸಿದ್ದೇವೆ. ನಮ್ಮ ಮಕ್ಕಳಿಗೆ ಮುಷ್ಕರ ಹೂಡಲೂ ಏನೂ ಇಲ್ಲ.

ಕೊಟ್ಟರೆ ಹೇಗೆ ಕೊಡಬಾರದು ಎಂಬುದಕ್ಕೆ ಅಮೆರಿಕದಲ್ಲಿ ಪಾಠವಿದೆ. 2007ರ ಕಾನೂನಿನಿಂದ ಬಂದ ಅಲ್ಲಿನ ಟೀಚ್ ಗ್ರಾಂಟ್ ಶಿಕ್ಷಕರಾಗಲು ಓದುವವರಿಗೆ ವರ್ಷಕ್ಕೆ ಗರಿಷ್ಠ 4,000 ಡಾಲರ್ ಕೊಡುತ್ತದೆ. ಓದು ಮುಗಿದ ಎಂಟು ವರ್ಷದೊಳಗೆ ನಾಲ್ಕು ವರ್ಷ ಬಡ ಮಕ್ಕಳ ಶಾಲೆಯಲ್ಲಿ, ಶಿಕ್ಷಕರ ಕೊರತೆಯಿರುವ ವಿಷಯವನ್ನು ಕಲಿಸಬೇಕು. ಇಲ್ಲವಾದರೆ ಅದು ಬಡ್ಡಿಸಮೇತ ಸಾಲ. ಷರತ್ತು ನ್ಯಾಯವಾದದ್ದೇ. ಆದರೆ ಪ್ರಾಮಾಣಿಕವಾಗಿ ಪಾಠ ಮಾಡುತ್ತಿದ್ದ ಸಾವಿರಾರು ಶಿಕ್ಷಕರ ಅನುದಾನ, ವಾರ್ಷಿಕ ಫಾರಂ ತಡವಾಯಿತೆಂಬಂಥ ಕಾರಣಕ್ಕೇ ಸಾಲವಾಗಿ ಹೋಯಿತು. ಗದ್ದಲವೆದ್ದ ಮೇಲೆ ಸರಿಪಡಿಸಬೇಕಾಯಿತು. ಫಾರಂ ವಿಷಯದಲ್ಲಿ ನಾವು ಅಮೆರಿಕಕ್ಕೂ ಗುರುಗಳು. ಹಾಗಾಗಿ ಎಚ್ಚರ ಹೆಚ್ಚು ಬೇಕು.

2020ರ ರಾಷ್ಟ್ರೀಯ ಶಿಕ್ಷಣ ನೀತಿಯ ಬಗ್ಗೆ ಈ ಸಭೆಯಲ್ಲೇ ಎರಡು ಬಣಗಳಿವೆ, ಇರಲಿ. ನಾಲ್ಕು ವರ್ಷದ ಸಂಯೋಜಿತ ಬಿ.ಇಡಿ. ಓದುವ ಹಳ್ಳಿಯ ಪ್ರತಿಭಾವಂತರಿಗೆ ವಿಶೇಷ ವಿದ್ಯಾರ್ಥಿವೇತನ, ಮುಗಿಸಿದ ಮೇಲೆ ಸ್ವಂತ ಪ್ರದೇಶದಲ್ಲೇ ಕೆಲಸಕ್ಕೆ ಆದ್ಯತೆ ಎಂಬ ಮಾತು ಅದರಲ್ಲಿದೆ. ಒಳ್ಳೆಯ ಮಾತು. ಡಿ.ಎಲ್.ಇಡಿ. ಮತ್ತು ಎರಡು ವರ್ಷದ ಬಿ.ಇಡಿ. ಓದುವವರಿಗೂ ರಾಜ್ಯ ಅದನ್ನು ಅನ್ವಯಿಸಲಿ.

ಮಧ್ಯಾಹ್ನ ನಿರ್ಣಯ ಮಂಡನೆಯಿದೆ. ಕರಡಿನಲ್ಲಿ ಹನ್ನೊಂದು ಬೇಡಿಕೆಗಳಿವೆ. ಅಷ್ಟನ್ನು ಯಾವ ಮಂತ್ರಿಯೂ ಓದುವುದಿಲ್ಲ. ಒಂದನ್ನೇ ಇಡೋಣ: ಇಂಟರ್ನ್‌ಶಿಪ್ಪಿನಲ್ಲಿರುವ ಪ್ರತಿ ಪ್ರಶಿಕ್ಷಣಾರ್ಥಿಗೆ ಶಾಲೆಯ ಹಾಜರಾತಿ ಆಧರಿಸಿ ಪ್ರತಿ ತಿಂಗಳು ಶಿಷ್ಯವೇತನ, ಬೇರೆ ಅರ್ಜಿ ಇಲ್ಲದೆ. ಊಟ ಮಾಡಿ ಹೊರಟುಬಿಡಬೇಡಿ, ಸಹಿ ಹಾಕಿ ಹೋಗಿ.